ಖಾಲಿ ಜಾಗದ ಫೋಟೋ

ನಮ್ಮ ಭಾವನವರಿಗೆ ಕನ್ನಡ ಬರುವುದಿಲ್ಲ. ಭಾವನವರು ಎಂದರೆ ನನ್ನ ಗಂಡನ ಅಣ್ಣ. ಅವರ ಅಪ್ಪ ಅಮ್ಮ ಇಬ್ಬರೂ ಕಲಬುರಗಿ ಕಡೆಯವರು, ಮದುವೆಯಾದದ್ದು ಬೀದರಿನ ಹೆಣ್ಣನ್ನು, ಮಧ್ಯಾಹ್ನ ತಟ್ಟೆಯಲ್ಲಿ ಜೋಳದ ರೊಟ್ಟಿ ಕಾಣದಿದ್ದರೆ ಅವರ ಮುಖ ಊದಿಕೊಳ್ಳುತ್ತದೆ. ಆದರೂ ಕನ್ನಡ ಮಾತ್ರ ಬರುವುದಿಲ್ಲ. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಬೀದಿಯಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ಒಂದು ಹೆಜ್ಜೆ ಹಿಂದೆ ಸರಿದು, ಕೈಯನ್ನು ಗಾಳಿಯಲ್ಲಿ ಆಡಿಸಿ, "ನಾಕು ಕನ್ನಡಂ ರಾದು" ಎಂದುಬಿಡುತ್ತಾರೆ. ನನಗೆ ಕನ್ನಡ ಬಾರದು ಎಂದು ತೆಲುಗಿನಲ್ಲಿ ಹೇಳುವುದನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ, ಬೀದಿಯ ಹೊಸಬರು ಅದನ್ನು ನಂಬಿಯೂ ಬಿಡುತ್ತಾರೆ.

ಕಾರಣ ದೊಡ್ಡದೇನಲ್ಲ. ಅವರ ಪ್ರಕಾರ ಹೈದರಾಬಾದಿನಲ್ಲಿ ಬೀದಿಯಲ್ಲಿ ನಿಂತು ಕನ್ನಡ ಮಾತಾಡುವವರು ಎಂದರೆ ಇಟ್ಟಿಗೆ ಹೊರುವವರು. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬೆಳಿಗ್ಗೆ ಕೂಲಿಯವರ ಅಡ್ಡಾದಲ್ಲಿ ಬುಟ್ಟಿ ಸಲಿಕೆ ಹಿಡಿದು ನಿಲ್ಲುವವರ ಭಾಷೆ ತಮ್ಮ ಬಾಯಲ್ಲಿ ಕೇಳಿಸಿದರೆ, ರಾಜ್ಯ ಸರ್ಕಾರದಲ್ಲಿ ಗೆಜೆಟೆಡ್ ಅಧಿಕಾರಿಯಾಗಿ ನಿವೃತ್ತರಾದವರ ಮರ್ಯಾದೆ ಏನಾಗಬೇಕು? ನಮ್ಮತ್ತೆ ಇರುವವರೆಗೆ ಮನೆಯೊಳಗಾದರೂ ಕನ್ನಡವಿತ್ತು, ಏಕೆಂದರೆ ಅತ್ತೆ ಬೇರೆ ಭಾಷೆಗೆ ಓಗೊಡುತ್ತಿರಲಿಲ್ಲ. ಅತ್ತೆಯ ಹದಿಮೂರನೆಯ ದಿನ ಮುಗಿದ ಮೇಲೆ ಭಾವನವರು ನನ್ನೊಡನೆಯೂ ತೆಲುಗಿಗೆ ಇಳಿದರು. ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ನಾನು ಮೆಟ್ಟಿಲ ಮೇಲಿನಿಂದ ಕನ್ನಡದಲ್ಲಿ ಕೇಳುತ್ತೇನೆ, ಅವರು ಕೆಳಗಿನಿಂದ ತೆಲುಗಿನಲ್ಲಿ ಉತ್ತರಿಸುತ್ತಾರೆ. ಗಂಡ ತೀರಿಕೊಂಡ ಮೇಲೂ ನಮ್ಮ ಸಂಸಾರ ಹೀಗೇ ನಡೆದಿದೆ.

ಇದನ್ನೆಲ್ಲ ಮೊದಲೇ ಹೇಳಿಬಿಟ್ಟೆ. ನಮ್ಮ ಮನೆಯ ಹಿಂದಿನ ಬಯಲನ್ನು ರಾಜ್ಯ ಸರ್ಕಾರ ನಗರಪಾಲಿಕೆಗೆ ಒಪ್ಪಿಸಿದ ಕತೆಯಲ್ಲಿ ಭಾವನವರ ಕನ್ನಡಕ್ಕೆ ಒಂದು ಪಾತ್ರವಿದೆ.

ಆ ಬಯಲು ಸರ್ಕಾರದ ಒಂದು ಇಲಾಖೆಯದು. ಹೆಸರು ಬೇಡ, ಹೇಳಿದರೆ ಆ ಇಲಾಖೆಗೇ ಆಶ್ಚರ್ಯವಾದೀತು. ಒಂದು ಕಾಲಕ್ಕೆ ಅಲ್ಲಿ ಡಾಂಬರಿನ ಪೀಪಾಯಿಗಳನ್ನು ಪೇರಿಸಿಡುತ್ತಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಪೀಪಾಯಿಗಳನ್ನು ಯಾರೋ ಹೊತ್ತುಕೊಂಡು ಹೋಗಿದ್ದರು. ಹೊತ್ತುಕೊಂಡು ಹೋಗಲಾರದ ಒಂದು ರೋಡ್ ರೋಲರ್ ಮಾತ್ರ ಬೇವಿನ ಮರದ ಕೆಳಗೆ ತುಕ್ಕು ಹಿಡಿದು ನಿಂತಿತ್ತು. ಪಕ್ಕದಲ್ಲಿ ತಗಡಿನ ಮಾಡಿನ ಒಂದು ಕೋಣೆ, ಕಾವಲುಗಾರನದು. ಅವನು ನಿವೃತ್ತನಾಗಿ ಊರಿಗೆ ಹೋಗುವಾಗ ಬೀಗದ ಕೈಯನ್ನು ಯಾರಿಗೆ ಒಪ್ಪಿಸಬೇಕೆಂದು ಇಲಾಖೆಯನ್ನು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಅವನು ಅದನ್ನು ಅಲ್ಲೇ ಕುಳಿತಿರುತ್ತಿದ್ದ ಒಬ್ಬ ಮುದುಕಿಯ ಕೈಗೆ ಕೊಟ್ಟು ಹೋದ.

ಆ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಯಾದಗಿರಿ ಕಡೆಯವಳು. ಮಗನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು, ಸೊಂಟ ಹಿಡಿದುಕೊಂಡು, ಬುಟ್ಟಿ ಹೊರಲಾರದೆ ಕುಳಿತವಳು, ಬೀಗದ ಕೈ ಸಿಕ್ಕ ಮೇಲೆ ಆ ಕೋಣೆಯಲ್ಲೇ ಇರತೊಡಗಿದಳು. ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ತಮ್ಮ ಮಕ್ಕಳನ್ನು ಅವಳ ಬಳಿ ಬಿಟ್ಟು ಹೋಗುತ್ತಿದ್ದರು. ಯಾರೋ ಜೋಳದ ಹಿಟ್ಟು ತಂದುಕೊಡುವರು, ಯಾರೋ ಎಣ್ಣೆ, ಯಾರೋ ಎರಡು ಈರುಳ್ಳಿ. ನಡೆಯುವ ಮಕ್ಕಳು ಬೇವಿನ ಕೆಳಗೆ ಮಣ್ಣಾಡುತ್ತಿದ್ದವು. ನಡೆಯಲಾರದವು ಸೀರೆಯ ತೊಟ್ಟಿಲಲ್ಲಿ ಮಲಗುತ್ತಿದ್ದವು. ಮರದ ಕೊಂಬೆಗಳು ಸಾಲದೆ ಆಯಿ ಒಂದು ತೊಟ್ಟಿಲನ್ನು ರೋಲರಿನ ಮಾಡಿನ ಕಂಬಿಗೆ ಕಟ್ಟುತ್ತಿದ್ದಳು. ರಸ್ತೆ ಸಮ ಮಾಡಲು ಬಂದ ಆ ಯಂತ್ರ ನನಗೆ ತಿಳಿದಂತೆ ಮಾಡಿದ ಕೆಲಸ ಅದೊಂದೇ.

ಮೇಲಿನಿಂದ ನೋಡುತ್ತಿದ್ದ ನನಗೆ ಆ ಬಯಲೆಂದರೆ ಭಾಳ ಇಷ್ಟ. ಇಷ್ಟ ಅಂದರೆ ಇಷ್ಟ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ. ಬಟ್ಟೆ ಒಣಗಹಾಕಲು ತಾರಸಿಗೆ ಹೋದಾಗಲೆಲ್ಲ ಅತ್ತೆಯ ಕನ್ನಡ ಅಲ್ಲಿಂದ ಕೇಳಿಬರುತ್ತಿತ್ತು. "ಯಪ್ಪಾ, ಮಣ್ಣ ತಿನಬ್ಯಾಡೋ" ಎಂದು ಆಯಿ ಕೂಗಿದರೆ ಅತ್ತೆಯೇ ಬಂದು ನಿಂತಂತೆ ಆಗುತ್ತಿತ್ತು.

ಭಾವನವರಿಗೂ ಅದು ಕೇಳಿಸುತ್ತಿತ್ತು. ಅದಕ್ಕೇ ಅವರಿಗೆ ಅಲ್ಲೊಂದು ಪಾರ್ಕ್ ಬೇಕಿತ್ತು.

ಅವರು ಕಾಲೊನಿ ಸಂಘದ ಅಧ್ಯಕ್ಷರು. ನಿವೃತ್ತರಾದ ಗಂಡಸರಿಗೆ ಮನೆಯಲ್ಲಿ ಯಾರೂ ಸಲಾಮು ಹೊಡೆಯುವುದಿಲ್ಲ, ಹಾಗಾಗಿ ಇಂಥ ಸಂಘಗಳು ಹುಟ್ಟುತ್ತವೆ. ತಿಂಗಳಿಗೊಮ್ಮೆ ನಮ್ಮ ಕೆಳಮನೆಯಲ್ಲಿ ಸಭೆ. ಬಿಸ್ಕತ್ತು, ಚಹಾ, ಸಕ್ಕರೆ ಕಾಯಿಲೆಯ ವಿಚಾರ. ನಡೆಯಲು ಜಾಗವಿಲ್ಲ, ಡಾಕ್ಟರು ನಡೆಯಿರಿ ಎನ್ನುತ್ತಾರೆ, ಎಲ್ಲಿ ನಡೆಯುವುದು? ಮಾರುಕಟ್ಟೆಗೆ ನಡೆದು ಹೋಗಿ ಕಾಯಿಪಲ್ಯ ತರಬಹುದು ಎಂದು ನಾನೊಮ್ಮೆ ಚಹಾ ಕೊಡುತ್ತ ಹೇಳಿದೆ. ಯಾರೂ ನಗಲಿಲ್ಲ. ಅವರಿಗೆ ಬೇಕಾಗಿದ್ದು ಸುತ್ತಿ ಸುತ್ತಿ ಮತ್ತೆ ಹೊರಟಲ್ಲಿಗೇ ಬರುವ ದಾರಿ. ಇಡೀ ಉದ್ಯೋಗಪರ್ವದಲ್ಲಿ ಮಾಡಿದ್ದೂ ಅದೇ ಆದ್ದರಿಂದ ಅಭ್ಯಾಸ ಬಿಟ್ಟುಹೋಗಬಾರದಲ್ಲ.

ಭಾವನವರು ನಾಂಪಲ್ಲಿಯ ಕಚೇರಿಗಳನ್ನು ಸುತ್ತತೊಡಗಿದರು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವರು, ಸಂಜೆ ಹಳೆಯ ಸಹೋದ್ಯೋಗಿಗಳ ಗುಣಗಾನ ಮಾಡುತ್ತ ಬರುವರು. ಇಲಾಖೆಗೆ ಆ ಜಾಗ ತನ್ನದೆಂದು ನೆನಪಿಸಿದವರೇ ಅವರು. ನೆನಪಾದ ಕೂಡಲೇ ಇಲಾಖೆಗೆ ಅದು ಬೇಡವಾಯಿತು. ಮದುವೆಗೆ ಬಂದ ಗೋಡೆ ಗಡಿಯಾರವನ್ನು ಕಾಗದ ಬಿಚ್ಚದೆ ಇನ್ನೊಬ್ಬರ ಮದುವೆಗೆ ದಾಟಿಸುತ್ತೇವಲ್ಲ, ಹಾಗೆ ಅದನ್ನು ನಗರಪಾಲಿಕೆಗೆ ದಾಟಿಸುವುದೆಂದು ತೀರ್ಮಾನವಾಯಿತು. ಜಾಗ ಸರ್‌ಪ್ಲಸ್, ಅಂದರೆ ಹೆಚ್ಚುವರಿ.

ಸರ್‌ಪ್ಲಸ್ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೂ ಸರ್‌ಪ್ಲಸ್ ಆಗಿದ್ದವಳು. ನಾಂಪಲ್ಲಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ರಾಜ್ಯ ಎರಡಾಗಿ ಕಚೇರಿಗಳೆಲ್ಲ ಅದಲುಬದಲಾದ ಕಾಲದಲ್ಲಿ, ನಮ್ಮಲ್ಲಿ ಜನ ಹೆಚ್ಚಾಗಿದ್ದಾರೆ ಎಂದು ಯಾರಿಗೋ ಹೊಳೆಯಿತು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಆದೇಶ ಬಂತು. ನನ್ನ ಸೇವೆಯನ್ನು ನಗರಪಾಲಿಕೆಯ ವಶಕ್ಕೆ ಒಪ್ಪಿಸಲಾಗಿತ್ತು. ಅಲ್ಲಿ ಹೋಗಿ ನಿಂತರೆ, "ನಿಮ್ಮನ್ನು ಯಾರು ಕೇಳಿದ್ದರು ಮೇಡಂ?" ಎಂದರು. ಜನನ ಪ್ರಮಾಣಪತ್ರದ ಕಿಟಕಿಯ ಪಕ್ಕ, ಓಡಾಡುವ ದಾರಿಯಲ್ಲಿ, ಒಂದು ಸ್ಟೂಲು ಹಾಕಿ ಕೂರಿಸಿದರು. ಕೊಟ್ಟವರಿಗೆ ಬೇಡ, ತೆಗೆದುಕೊಂಡವರಿಗೂ ಬೇಡ. ನಾನು ಅಲ್ಲಿಂದಲೇ ನಿವೃತ್ತಳಾದೆ, ಕೊನೆಯವರೆಗೂ ಅವರು ನನ್ನನ್ನು "ಸರ್‌ಪ್ಲಸ್ ಮೇಡಂ" ಎಂದೇ ಕರೆದರು.

ಹಾಗಾಗಿ ಭಾವನವರು ಒಂದು ಸಂಜೆ ಮೆಟ್ಟಿಲ ಬಳಿ ನಿಂತು, ಬಯಲು ಸರ್‌ಪ್ಲಸ್ ಆಯಿತು ಎಂದು ಲಾಟರಿ ಹೊಡೆದವರ ಹಾಗೆ ತೆಲುಗಿನಲ್ಲಿ ಹೇಳಿದಾಗ, ನಾನು ಕೇಳಿದ್ದು ಒಂದೇ ಮಾತು.

"ಅಲ್ಲ ಭಾವಾರ, ಆಯಿ ಏನ ಮಾಡಬೇಕು? ಆ ಕೂಸುಗಳು?"

ಅವರು ಕನ್ನಡ ಬಾರದವರ ಮುಖ ಮಾಡಿ ಒಳಗೆ ಹೋದರು.

ಅಲ್ಲೇ ಒಂದು ತೊಡಕಿತ್ತು. ಜಾಗ ಖಾಲಿ ಇದ್ದರೆ ಮಾತ್ರ ದಾಟಿಸಬಹುದು. ಯಾರಾದರೂ ಇದ್ದರೆ ಅವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು, ಬೇರೆ ಜಾಗ ತೋರಿಸಬೇಕೋ ಎಂದು ಯೋಚಿಸಬೇಕು. ಅಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತಿದೆ? ಖಾಲಿ ಇದೆ ಎಂಬುದಕ್ಕೆ ಫೋಟೋ ಇದ್ದರೆ ಸಾಕು. ಇಲಾಖೆಯ ಅಧಿಕಾರಿ ಸ್ವತಃ ಬಂದು, ತನ್ನ ಫೋನಿನಲ್ಲೇ, ಸ್ಥಳ ಮತ್ತು ಸಮಯ ಮೂಡುವಂತೆ ಫೋಟೋ ತೆಗೆಯಬೇಕು. ಈಗ ಸರ್ಕಾರ ಮನುಷ್ಯರ ಮಾತನ್ನು ನಂಬುವುದಿಲ್ಲ, ಫೋನನ್ನು ನಂಬುತ್ತದೆ. ಫೋನಿನ ಹಿಂದೆ ಯಾರು ನಿಂತಿದ್ದಾರೆ ಎಂದು ಮಾತ್ರ ಕೇಳುವುದಿಲ್ಲ.

ಅಧಿಕಾರಿ ಬರುವ ಹಿಂದಿನ ಸಂಜೆ ನಾನು ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಬಯಲಿನಿಂದ ಒಂದು ಗಂಡು ದನಿ ಕೇಳಿಸಿತು.

"ಆಯೀ, ಆರಾಮ ಅದೀರೇನು? ಸೊಂಟದ ಬ್ಯಾನಿ ಹೆಂಗೈತ್ರಿ ಈಗ?"

ಗೋಡೆಯಂಚಿಗೆ ಬಂದು ಕೆಳಗೆ ನೋಡಿದೆ. ಭಾವನವರು! ಬಿಳಿ ಬೂಟು ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ಬೇವಿನ ಕೆಳಗೆ ನಿಂತು ಕನ್ನಡ ಮಾತಾಡುತ್ತಿದ್ದಾರೆ. ಅದೂ ಎಂಥ ಕನ್ನಡ! ಅತ್ತೆಯ ಕನ್ನಡ. ಅದೇ ಎಳೆತ, ಅದೇ ರಾಗ, ಕೊನೆಯಲ್ಲಿ ಅದೇ ಮೆತ್ತಗಿನ ರೀ. ಇಷ್ಟು ವರ್ಷ ಅದನ್ನು ಎಲ್ಲಿ ಬಚ್ಚಿಟ್ಟಿದ್ದರೋ, ಒಂದು ಅಕ್ಷರವೂ ಮಾಸಿರಲಿಲ್ಲ. ನನಗೆ ಒಂದು ಗಳಿಗೆ ಕಣ್ಣು ತುಂಬಿ ಬಂತು. ಮರುಗಳಿಗೆ, ಇವರು ಇಲ್ಲಿಗೇಕೆ ಬಂದರೆಂದು ಕಿವಿಗೊಟ್ಟೆ.

"ನಾಳಿ ಸಾಹೇಬ್ರು ಬರತಾರ್ರಿ ಆಯಿ. ಫೋಟೋ ತಗೀತಾರ."

"ಯಾರದರೀ ಯಪ್ಪಾ ಫೋಟೋ?"

"ಇಲ್ಲೀದ. ಈ ಜಾಗಾದ್ದ."

ಮರುದಿನ ಬೆಳಿಗ್ಗೆ ಆಯಿಯ ಬಳಿ ಹೋದೆ. ಹೋಗಿ ನೋಡಿದರೆ ಅಲ್ಲಿ ಹಬ್ಬ. ಒಂದೊಂದೇ ಮಗುವನ್ನು ಹಿಡಿದು ಕೂರಿಸಿ ಮುಖ ತೊಳೆದು, ಪೌಡರ್ ಬಳಿದು, ಕಣ್ಣಿಗೆ ಕಾಡಿಗೆ ಹಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ತಾಯಂದಿರೂ ಹಿಂದಿನ ಸಂಜೆಯೇ ಸುದ್ದಿ ತಿಳಿದು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಡಿಸಿ ಬಿಟ್ಟು ಹೋಗಿದ್ದರು.

"ಏನ ಆಯಿ ಇದು?"

"ಸರಕಾರದ ಫೋಟೋ ಅಂತ್ರಿ ಅಕ್ಕಾರ. ಹೊಲಸ ಮಾರಿ ಇಟಗೊಂಡ ನಿಂತ್ರ ಚಂದ ಕಾಣತೈತೇನ್ರಿ?"

"ಅದು ಮಕ್ಕಳ ಫೋಟೋ ಅಲ್ಲ ಅನಸ್ತದ ಆಯಿ. ಜಾಗಾದ್ದು."

ಆಯಿ ನನ್ನನ್ನು ಪಾಪದವಳು ಎಂಬಂತೆ ನೋಡಿದಳು. "ಸರಕಾರ ಸುಮ್ಮನ ಫೋಟೋ ತಗಿಯಂಗಿಲ್ರೀ ಅಕ್ಕಾರ. ರೇಶನ್ ಕಾರ್ಡ ಕೊಡೂ ಮುಂದ ತಗದ್ರು, ಪಿಂಚಣಿ ಕೊಡೂ ಮುಂದ ತಗದ್ರು. ಫೋಟೋ ತಗದ್ರಂದ್ರ ಏನರೆ ಕೊಟ್ಟ ಕೊಡತಾರ. ಒಂದು ನಳಾ ಕೊಟ್ರ ಸಾಕು, ಕೂಸುಗಳಿಗೆ ನೀರಿಂದ ಭಾಳ ತ್ರಾಸ ಐತಿ."

ಅವಳ ಮಾತಿನಲ್ಲಿ ತಪ್ಪೇನಿತ್ತು? ಬಡವರ ಮುಖಕ್ಕೆ ಸರ್ಕಾರ ಕ್ಯಾಮೆರಾ ಹಿಡಿಯುವುದು ಏನಾದರೂ ಕೊಡುವ ಮುಂಚೆ ಮಾತ್ರ. ತೆಗೆದುಕೊಳ್ಳುವ ಮುಂಚೆಯೂ ಹಿಡಿಯುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನನಗೂ ಅವತ್ತು ಪೂರ್ತಿ ಗೊತ್ತಿರಲಿಲ್ಲ, ಅನುಮಾನವಿತ್ತು ಅಷ್ಟೆ.

ಅಧಿಕಾರಿ ಬಂದರು. ಚಿಕ್ಕ ವಯಸ್ಸಿನವರು, ಧೂಳಿಗೆ ಮೂಗು ಮುರಿಯುತ್ತಲೇ ಜೀಪಿನಿಂದ ಇಳಿದರು. ಜೊತೆಗೆ ಟೇಪು ಹಿಡಿದ ಇಬ್ಬರು. ಭಾವನವರು ಸುಲ್ತಾನ್ ಬಜಾರಿನಲ್ಲಿ ಕೊಂಡ ಹೊಸ ಟೋಪಿ ಹಾಕಿಕೊಂಡು, ಹಲ್ಲು ಕಿರಿಯುತ್ತ ಹಿಂದೆ ಹಿಂದೆ. ಆಯಿ ಮಕ್ಕಳನ್ನು ರೋಲರಿನ ಮುಂದೆ ಎತ್ತರದ ಪ್ರಕಾರ ನಿಲ್ಲಿಸಿಬಿಟ್ಟಿದ್ದಳು. ಅಧಿಕಾರಿ ಫೋನು ಎತ್ತಿದವರು ಇಳಿಸಿದರು. ಮಕ್ಕಳ ಕಡೆ ಕೈ ಮಾಡಿ ಭಾವನವರನ್ನು ತೆಲುಗಿನಲ್ಲಿ ಕೇಳಿದರು, "ಏನಿದು? ಖಾಲಿ ಇರಬೇಕು ಅಂದಿದ್ದೆನಲ್ಲ?"

ಖಾಲಿ. ತೆಲುಗಿನಲ್ಲೂ ಅದೇ, ಉರ್ದುವಿನಲ್ಲೂ ಅದೇ, ನಮ್ಮಲ್ಲೂ ಅದೇ. ಹೈದರಾಬಾದಿನಲ್ಲಿ ಭಾಷಾಂತರ ಬೇಡದ ಮಾತುಗಳಲ್ಲಿ ಅದೂ ಒಂದು.

ಭಾವನವರು ಆಯಿಯ ಹತ್ತಿರ ಹೋಗಿ, ಬಾಗಿ, ಬೆಲ್ಲದಂಥ ದನಿಯಲ್ಲಿ ಹೇಳಿದರು. "ಆಯೀ, ಒಂದೀಟ ಜಾಗಾ ಖಾಲಿ ಮಾಡ್ರೆವಾ. ಫೋಟೋ ಆಗೂತನಕ ಅಷ್ಟ. ಗೇಟಿನ ಹೊರಗ ನಿಂತ್ರ ಆತು."

ಬಸ್ಸಿನಲ್ಲಿ ಯಾರೋ ಒಂದೀಟ ಖಾಲಿ ಮಾಡ್ರಿ ಎಂದರೆ ನಾವು ಸರಿದು ಕೂರುತ್ತೇವೆ, ಇಳಿದು ಹೋಗುವುದಿಲ್ಲ. ಆಯಿಗೂ ಅದು ಹಾಗೆಯೇ ಕೇಳಿಸಿತು. ಅದಲ್ಲದೆ ಕೇಳಿದವರು ತನ್ನ ಊರಿನ ಭಾಷೆಯಲ್ಲಿ, ಮಗನ ಹಾಗೆ ಕೇಳಿದ್ದರು.

"ಹುಡುಗ್ರ ಫೋಟೋ ರೀ?"

"ಆಮ್ಯಾಲ, ಆಮ್ಯಾಲ."

ಆಯಿ ಒಂದೊಂದೇ ತೊಟ್ಟಿಲು ಬಿಚ್ಚಿದಳು. ಎಚ್ಚರವಿದ್ದ ಕೂಸುಗಳನ್ನು ದೊಡ್ಡ ಮಕ್ಕಳ ಸೊಂಟಕ್ಕೆ ಏರಿಸಿದಳು. ಪಾತ್ರೆ, ಚಾಪೆ ಎಲ್ಲ ಕೋಣೆಯೊಳಗೆ ಸೇರಿಸಿ ಬಾಗಿಲು ಎಳೆದಳು. ರೋಲರಿಗೆ ಕಟ್ಟಿದ್ದ ತೊಟ್ಟಿಲ ಬಳಿ ಬಂದವಳು ನಿಂತಳು. ಹಸಿರು ಸೀರೆ, ಕೆಂಪು ಅಂಚು. ಅದರೊಳಗಿನದು ಎಲ್ಲಕ್ಕಿಂತ ಸಣ್ಣ ಕೂಸು, ರಾತ್ರಿಯೆಲ್ಲ ಜ್ವರದಿಂದ ಅತ್ತು ಈಗಷ್ಟೇ ನಿದ್ದೆ ಹೋಗಿತ್ತು.

"ಇದು ಇರಲಿ ಯಪ್ಪಾ. ಎಬ್ಬಿಸಿದ್ರ ರಚ್ಚಿ ಹಿಡಿತೈತಿ."

ಭಾವನವರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಸೀರೆಯನ್ನು ನೋಡಿದರು. "ಗುಡ್ಡೇ ಕದಾ" ಎಂದರು, ಬಟ್ಟೆ ತಾನೇ ಎಂದು. ಬಟ್ಟೆ ನೇತಾಡಿದರೆ ಜಾಗ ಖಾಲಿಯಲ್ಲ ಎಂದು ಯಾರೂ ಹೇಳಲಾರರು. ಭಾವನವರಿಗೆ ಒಳಗೇನಿದೆ ಎಂದು ಚೆನ್ನಾಗಿ ಗೊತ್ತಿತ್ತು. ಹೌದು, ಬಟ್ಟೆಯೇ, ಎಂದು ತಲೆಯಾಡಿಸಿದರು.

ಕಾಡಿಗೆ ಹಚ್ಚಿಕೊಂಡ ಮಕ್ಕಳೆಲ್ಲ ಗೇಟಿನ ಹೊರಗೆ, ಫೋಟೋ ತೆಗೆಯುವವರ ಬೆನ್ನ ಹಿಂದೆ, ಸಾಲಾಗಿ ನಿಂತವು. ಯಾರೂ ತಮ್ಮತ್ತ ತಿರುಗದಿದ್ದರೂ ಅಲುಗಾಡದೆ ನಿಂತಿದ್ದವು. ಅಧಿಕಾರಿ ನಾಲ್ಕೂ ದಿಕ್ಕಿಗೆ ತಿರುಗಿ ಫೋಟೋ ತೆಗೆದರು.

ಫೋಟೋ ಮುಗಿಯಿತು. ಆಯಿ ಒಳಗೆ ಹೋಗಹೊರಟರೆ ಟೇಪಿನವರಲ್ಲಿ ಒಬ್ಬ ಅಡ್ಡ ನಿಂತ. ಕೂಸನ್ನು ತರಲು ಬಿಟ್ಟರು, ಪಾತ್ರೆ ಚಾಪೆ ತರಲು ಬಿಟ್ಟರು. ಆಮೇಲೆ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ನಾನು ಕೂಗಾಡಿದೆ. ತೆಲುಗಿನಲ್ಲಿ, ಹಿಂದಿಯಲ್ಲಿ, ನನಗೆ ಬಂದ ಎಲ್ಲ ಭಾಷೆಗಳಲ್ಲಿ. ಅಧಿಕಾರಿ ಜೀಪು ಹತ್ತಿಯಾಗಿತ್ತು. ಆಯಿ ಭಾವನವರ ಕಡೆ ತಿರುಗಿ, "ಯಪ್ಪಾ, ಆಮ್ಯಾಲ ಅಂದಿದ್ರಲ್ರೀ" ಎಂದಳು. ಅವರು ಟೋಪಿ ಸರಿಮಾಡಿಕೊಂಡು ಮನೆಯ ಕಡೆ ನಡೆದರು.

ಮಕ್ಕಳನ್ನು ನಮ್ಮ ಅಂಗಳಕ್ಕೆ ಕರೆತಂದೆ. ಸಂಜೆ ತಾಯಂದಿರು ಬಂದರು. ಬಾಯಿ ಮಾಡಿದರು, ಗೇಟು ಅಲ್ಲಾಡಿಸಿದರು, ಒಬ್ಬಳು ನಮ್ಮ ಕೆಳಮನೆಯ ಬಾಗಿಲು ಬಡಿದಳು. ಒಳಗೆ ಟಿವಿಯ ದನಿ ಜೋರಾಯಿತು, ಬಾಗಿಲು ತೆರೆಯಲಿಲ್ಲ.

ಮರುದಿನ ನಾನು ನಗರಪಾಲಿಕೆಯ ನನ್ನ ಹಳೆಯ ಕಚೇರಿಗೆ ಹೋದೆ. ನನ್ನ ಸ್ಟೂಲು ಇನ್ನೂ ಅಲ್ಲೇ ಇತ್ತು, ಅದರ ಮೇಲೆ ನೀರಿನ ಕ್ಯಾನು ಇಟ್ಟಿದ್ದರು. ಜಾಗದ ವಿಚಾರ ನೋಡುವವರ ಮುಂದೆ ಕುಳಿತು ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಕಂಪ್ಯೂಟರು ನನ್ನತ್ತ ತಿರುಗಿಸಿ ಫೋಟೋ ತೋರಿಸಿದರು. ಬೇವಿನ ಮರ, ಕೋಣೆ, ರೋಲರು.

"ಜಾಗ ಖಾಲಿ ಇದೆ ನೋಡಿ ಮೇಡಂ. ಖಾಲಿ ಜಾಗದಿಂದ ನಾವು ಯಾರನ್ನು ಹೊರಗೆ ಹಾಕಿದ ಹಾಗಾಯಿತು?"

ಆ ಮನುಷ್ಯ ನನ್ನನ್ನು ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. ಅದೇ ಸಹಿಸಲಾಗದ ಸಂಗತಿ. ಗೇಲಿ ಮಾಡಿದ್ದರೆ ಒಂದು ಮಾತು ಬೈದಾದರೂ ಬರಬಹುದಿತ್ತು. ನಾನು ಚಹಾ ಬೇಡವೆಂದು ಎದ್ದು ಬಂದೆ.

ಮಕ್ಕಳು ನಮ್ಮ ಅಂಗಳದಲ್ಲೇ ಇರಲಿ ಎಂದು ಆಯಿಗೆ ಹೇಳಿದೆ. ಅಂಗಳವೆಂದರೆ ಒಂದು ಕಾರು ನಿಲ್ಲುವಷ್ಟು ಜಾಗ, ಭಾವನವರ ಪಾಲಿನದು. ಅವರ ಕಾರು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಗೇಟು ತೆರೆಯಲು ಸೋಮಾರಿತನವಾಗಿ ವರ್ಷಗಟ್ಟಲೆ ಬೀದಿಯಲ್ಲೇ ನಿಂತು ಕಾಗೆಗಳ ಪಾಲಾಗಿತ್ತು. ಆ ವಾರ ಕಾರು ಒಳಗೆ ಬಂತು. ಬಂದು ಗೋಡೆಯಿಂದ ಗೋಡೆಗೆ ನಿಂತಿತು. ಒಂದು ಮಾತಿಲ್ಲ, ಒಂದು ಜಗಳವಿಲ್ಲ. ದೊಡ್ಡ ಹುದ್ದೆಯಲ್ಲಿದ್ದವರು ಕೆಲಸ ಮಾಡುವ ರೀತಿಯೇ ಬೇರೆ.

ನನ್ನ ಮನೆಗೆ ಮೆಟ್ಟಿಲು ಹತ್ತಲು ಆಯಿಯ ಸೊಂಟ ಒಪ್ಪಲಿಲ್ಲ. ಅವಳು ಊರಿಗೆ ಹೊರಟಳು, ಮಗಳ ಮನೆಗೆ. ಹೊರಡುವ ದಿನ ಕೋಣೆಯ ಬೀಗದ ಕೈಯನ್ನು ನನ್ನ ಕೈಗಿಟ್ಟಳು. "ಯಾರರೆ ಕೇಳಿದ್ರ ಕೊಡ್ರಿ ಅಕ್ಕಾರ. ಸರಕಾರದ್ದ ಅದು" ಎಂದಳು. ಈವರೆಗೆ ಯಾರೂ ಕೇಳಿಲ್ಲ. ಕೋಣೆಯನ್ನೇ ಒಂದು ಮಧ್ಯಾಹ್ನ ಯಂತ್ರ ತಂದು ಕೆಡವಿದರು.

ಮಕ್ಕಳು ತಾಯಂದಿರ ಜೊತೆ ಕೆಲಸದ ಜಾಗಗಳಿಗೆ ಹೋದವು. ಮರಳಿನ ಗುಡ್ಡೆ, ಕಬ್ಬಿಣದ ಸಲಾಕೆ, ನೀರಿನ ತೊಟ್ಟಿ ಇವುಗಳ ನಡುವೆ. ಕಣ್ಣಿಡುವವರು ಯಾರೂ ಇಲ್ಲ. ನನಗೆ ಹಲವು ದಿನ ಊಟ ರುಚಿಸಲಿಲ್ಲ.

ಪಾರ್ಕಿನ ಕೆಲಸ ಶುರುವಾಯಿತು. ಗುತ್ತಿಗೆದಾರನಿಗೆ ಕೂಲಿಯವರು ಬೇಕಾದರು, ಅಡ್ಡಾದಿಂದ ಕರೆತಂದ. ಬಂದವರಲ್ಲಿ ಆ ಹಸಿರು ಸೀರೆಯವಳೂ ಇದ್ದಳು, ಸಣ್ಣ ಕೂಸಿನ ತಾಯಿ. ತನ್ನ ಕೂಸು ಮಲಗುತ್ತಿದ್ದ ಜಾಗದಲ್ಲೇ ಅವಳು ನಡಿಗೆಯ ದಾರಿಗೆ ಟೈಲ್ಸ್ ಹೊತ್ತಳು. ಕೂಸು ಸಿಮೆಂಟಿನ ಧೂಳಿನಲ್ಲಿ ಅಂಬೆಗಾಲಿಡಲು ಕಲಿಯಿತು. ತೊಟ್ಟಿಲು ಕಟ್ಟಲು ಹೋದರೆ ಮೇಸ್ತ್ರಿ ಬಿಡಲಿಲ್ಲ, ಮರಕ್ಕೆ ಬಣ್ಣ ಹೊಡೆದಿದೆ ಎಂದ. ಮರಕ್ಕೂ ಬಣ್ಣ! ಸೊಂಟದವರೆಗೆ ಬಿಳಿ, ಮೇಲೊಂದು ಕೆಂಪು ಪಟ್ಟೆ. ರೋಲರಿಗೆ ಹಳದಿ ಬಳಿದು, ಕಟ್ಟೆಯ ಮೇಲೆ ಕೂರಿಸಿ, ಸುತ್ತ ಸರಪಳಿ ಹಾಕಿ, ಯಾರೂ ಮುಟ್ಟಬಾರದೆಂದು ಬೋರ್ಡು ಹಾಕಿದರು. ಹಳೆಯ ವಸ್ತುಗಳ ಬಗ್ಗೆ ನಮ್ಮ ಕಾಲೊನಿಗೆ ಅವತ್ತಿನಿಂದ ಭಾರೀ ಗೌರವ ಬಂತು.

ಉದ್ಘಾಟನೆಯ ದಿನ ಶಾಮಿಯಾನ ಹಾಕಿದರು. ಇಲಾಖೆಯವರು ಬಂದರು, ನಗರಪಾಲಿಕೆಯವರು ಬಂದರು, ಒಬ್ಬರಿಗೊಬ್ಬರು ಶಾಲು ಹೊದಿಸಿದರು. ಬೇಡವಾದದ್ದನ್ನು ಕೊಟ್ಟವರು ಉದಾರಿಗಳಾದರು, ಕೇಳದೆ ಪಡೆದವರು ದೂರದೃಷ್ಟಿಯವರಾದರು. ಭಾವನವರಿಗೆ ಎಲ್ಲರಿಗಿಂತ ದೊಡ್ಡ ಶಾಲು. ಅವರು ಮೈಕಿನ ಮುಂದೆ ನಿಂತು ತೆಲುಗಿನಲ್ಲಿ, ಇಲ್ಲಿ ಮೊದಲು ಏನೂ ಇರಲಿಲ್ಲ, ಹಾವು ಚೇಳು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ ಎಂದರು. ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದೆ.

ವೇದಿಕೆಯ ಪಕ್ಕದಲ್ಲಿ ಆಳೆತ್ತರದ ಒಂದು ಫ್ಲೆಕ್ಸು. ಎಡಕ್ಕೆ ಮೊದಲಿನ ಬಯಲು, ಬಲಕ್ಕೆ ಈಗಿನ ಪಾರ್ಕು. ಎಡದ ಚಿತ್ರ ಅದೇ ಅಧಿಕಾರಿ ತೆಗೆದದ್ದು, ಮೂಲೆಯಲ್ಲಿ ಸ್ಥಳ ಮತ್ತು ಸಮಯ ಮೂಡಿದೆ. ದೊಡ್ಡದು ಮಾಡಿ ಅಚ್ಚು ಹಾಕಿಸಿದ್ದರಿಂದ ಎಲ್ಲವೂ ನಿಚ್ಚಳ. ತುಕ್ಕು ಹಿಡಿದ ರೋಲರು, ಅದರ ಕಂಬಿಯಿಂದ ಇಳಿಬಿದ್ದ ಹಸಿರು ಸೀರೆ, ಕೆಂಪು ಅಂಚು. ಜೋತುಬಿದ್ದ ಬಟ್ಟೆ ಹಾಗೆ ನಿಲ್ಲುವುದಿಲ್ಲ. ಅದು ಕೆಳಗೆ ಬಿಗಿಯಾಗಿ ಜಗ್ಗಿಕೊಂಡಿತ್ತು, ನಡುವೆ ಗುಂಡಗೆ ಉಬ್ಬಿತ್ತು. ಒಂದು ಕಡೆ, ಅಂಚಿನ ಮೇಲೆ, ಪುಟ್ಟ ಬೆರಳುಗಳೂ ಕಾಣುತ್ತಿದ್ದವು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಸಭೆ ಮುಗಿಯುವ ಹೊತ್ತಿಗೆ ಆ ತಾಯಿ ಬಂದಳು. ಗೇಟಿನ ಬಳಿ ಕೊನೆಯ ಕೆಲವು ಟೈಲ್ಸ್ ಕೂರಿಸುವುದಿತ್ತು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ. ಫ್ಲೆಕ್ಸಿನ ಮುಂದೆ ಹಾದವಳು ನಿಂತಳು. ಬುಟ್ಟಿ ಇಳಿಸಿದಳು. ಹತ್ತಿರ ಹೋಗಿ ಆ ಸೀರೆಯ ಮೇಲೆ ಕೈಯಾಡಿಸಿದಳು. ಆಮೇಲೆ ಹಿಂದೆ ತಿರುಗಿ, ಅಲ್ಲೇ ಶಾಲು ಹೊದ್ದು ನಿಂತಿದ್ದ ಭಾವನವರಿಗೆ ಹೇಳಿದಳು.

"ಇದು ನಮ್ಮ ಕೂಸು ನೋಡ್ರೀ."

ಸುತ್ತ ನಿಂತವರು ಅವಳನ್ನು ನೋಡಿದರು. ಇಲಾಖೆಯವರು, ನಗರಪಾಲಿಕೆಯವರು, ಬಿಳಿ ಬೂಟಿನ ಗಂಡಸರು. ಏನಂತಾಳೆ ಎಂದು ಯಾರೋ ಭಾವನವರನ್ನು ಕೇಳಿದರು. ಅವಳು ಕೂಸನ್ನು ಎತ್ತಿ ಚಿತ್ರದ ಪಕ್ಕ ಹಿಡಿದು ಇನ್ನೊಮ್ಮೆ, ಈ ಸಲ ಜೋರಾಗಿ ಹೇಳಿದಳು. "ಖಾಲಿ ಇತ್ತ ಅಂದ್ರಲ್ರೀ. ಇದರಾಗ ನಮ್ಮ ಕೂಸು ಮಕ್ಕೊಂಡೈತ್ರಿ."

ಭಾವನವರು ಒಂದು ಹೆಜ್ಜೆ ಹಿಂದೆ ಸರಿದರು. ಕೈಯನ್ನು ಗಾಳಿಯಲ್ಲಿ ಆಡಿಸಿದರು.

"ನಾಕು ಕನ್ನಡಂ ರಾದಮ್ಮಾ."

ಅವಳು ಕೂಸನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡಳು. ಆಮೇಲೆ ಎಲ್ಲರ ನಡುವೆ ನನ್ನನ್ನು ಹುಡುಕಿ ಕೇಳಿದಳು.

"ಅವತ್ತ ಆಯಿ ಜೋಡಿ ಮಾತಾಡೂ ಮುಂದ ಕನ್ನಡ ಬರ್ತಿತ್ತಂತಲ್ರೀ ಅಕ್ಕಾರ?"